ರೋಮಿಗೆ ಎಳೆದ ಇಳಿಜಾರಿನ ನಕ್ಷೆ

ಪೈಪ್ ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಪೈಪು ಜೋಡಿಸುತ್ತ, ಒಡೆದದ್ದನ್ನು ಕಟ್ಟುತ್ತ, ವಾಲ್ವು ತಿರುಗಿಸುತ್ತ ಬಂದ ಫಿಟ್ಟರ್. ಗುಂಡಿಯೊಳಗೆ ಸೊಂಟಮಟ್ಟದ ಕೆಸರಿನಲ್ಲಿ ನಿಂತೇ ಮೇಲಿದ್ದವರಿಗೆ ನೀರಿನ ಸ್ವಭಾವದ ಬಗ್ಗೆ ಪಾಠ ಬಿಗಿಯುವ ಚಾಳಿಯಿಂದ ಆ ಹೆಸರು ಅಂಟಿಕೊಂಡಿತು. ಒಮ್ಮೆ ದೊಡ್ಡ ಸಾಹೇಬರು ಶೂ ಕೊಳೆಯಾಗದಷ್ಟು ದೂರದಲ್ಲಿ ನಿಂತು "ಬೇಗ, ಬೇಗ" ಅಂದಾಗ, "ನೀರಿಗೆ ನಿಮ್ಮ ಆರ್ಡರು ಬೇಕಾಗಿಲ್ಲ ಸಾರ್, ಇಳಿಜಾರು ಬೇಕು" ಎಂದು ಕೆಳಗಿನಿಂದಲೇ ಉತ್ತರ ಕೊಟ್ಟರು. ಅದಕ್ಕೊಂದು ನೋಟಿಸು ಬಂತು. ಅದನ್ನು ನಾಲ್ಕು ಮಡಿಕೆ ಮಡಿಸಿ ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟರು.

ಇಂಥ ಮನುಷ್ಯನಿಗೆ ರೋಮಿನ ಹುಚ್ಚು ಹತ್ತಿಸಿದ್ದು ಕಚೇರಿಯ ಕಪಾಟಿನಲ್ಲಿ ಗೆದ್ದಲು ತಿನ್ನುತ್ತಿದ್ದ ಒಂದು ಹಳೆಯ ತರಬೇತಿ ಪುಸ್ತಕ. ಅದರಲ್ಲಿ ಕಲ್ಲುಗಾಲುವೆಗಳ ಚಿತ್ರಗಳಿದ್ದವು. ಅರಮನೆ, ಸಿಂಹಾಸನ, ಯಾವ ಚಕ್ರವರ್ತಿ ಯಾರನ್ನು ಕೊಂದ, ಇದ್ಯಾವುದೂ ಮೇಷ್ಟ್ರಿಗೆ ಬೇಕಿರಲಿಲ್ಲ. ಊರಿಗೆ ನೀರು ಹೇಗೆ ಬಂತು, ಊರಿನ ಹೊಲಸು ಹೇಗೆ ಹೋಯಿತು, ಅಷ್ಟು ಹೇಳಿ ಸಾಕು.

"ಮೋಟರಿಲ್ಲ, ಕರೆಂಟಿಲ್ಲ ಕಣಯ್ಯಾ!" ಎಂದು ಪಂಪ್‌ಹೌಸಿನ ಆಪರೇಟರನ ತಲೆ ತಿನ್ನುತ್ತಿದ್ದರು. "ಇಪ್ಪತ್ತು ಕಿಲೋಮೀಟರು ದೂರದಿಂದ ನೀರು ತಂದ್ರು. ಇಳಿಜಾರು ಎಷ್ಟು ಗೊತ್ತಾ? ಬರೀ ನಾಲ್ಕು ಮೀಟರು! ಎರಡು ಸಾವಿರ ವರ್ಷ ಆಯ್ತು, ಅದೇ ಲೈನಿನ ನೀರು ಇವತ್ತಿಗೂ ಕಾರಂಜೀಲಿ ಚಿಮ್ತಾ ಇದೆ. ನಾವು ಮೊನ್ನೆ ಹಾಕಿದ ಲೈನು ಮೂರೇ ತಿಂಗಳಿಗೆ ಬಾಯಿ ಬಿಟ್ಕೊಂಡು ಕೂತಿದೆ."

"ಮೇಷ್ಟ್ರೇ, ಜನ ಅಲ್ಲಿಗೆ ಫೋಟೋ ತೆಗೆಸ್ಕೊಳ್ಳೋಕೆ ಹೋಗ್ತಾರೆ. ನೀವೊಬ್ರೇ ಮೋರಿ ನೋಡೋಕೆ ಹೊರಟೋರು" ಎಂದು ಆಪರೇಟರ್ ಕಿಚಾಯಿಸಿದ.

"ಮೋರಿ ಇಲ್ದಿದ್ರೆ ಅವರ ಅರಮನೆ ಒಳಗೆ ಮೂಗು ಬಿಟ್ಕೊಂಡು ಕೂರೋಕೆ ಆಗ್ತಿತ್ತೇನಯ್ಯಾ?"

ಕೊನೆಗೂ ಹನ್ನೆರಡು ದಿನದ ರಜೆ ಮಂಜೂರಾಯಿತು. ಟ್ರಾವೆಲ್ಸ್ ಕಚೇರಿಯ ಹೆಣ್ಣುಮಗಳು ಎರಡು ಸೀಟು ಹಿಡಿದಿಟ್ಟಿದ್ದಳು. ಶುಕ್ರವಾರ ಸಂಜೆ ಐದರೊಳಗೆ ಒಂದೋ ಎರಡೋ ಖಚಿತ ಹೇಳಬೇಕು, ಆಮೇಲೆ ತನ್ನ ಕೈಲಿಲ್ಲ ಎಂದಿದ್ದಳು. ತೊಡಕಿದ್ದದ್ದು ಆ ಎರಡನೆಯ ಸೀಟಿನದು. ಅದು ಕಂಡಕ್ಟರಮ್ಮನದು.

ಕಂಡಕ್ಟರಮ್ಮ ಮೇಷ್ಟ್ರ ಹೆಂಡತಿ. ಇಪ್ಪತ್ತಾರು ವರ್ಷ ನಗರದ ಬಸ್ಸುಗಳಲ್ಲಿ ಸೀಟಿ ಊದಿದವರು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ನುಗ್ಗುವಾಗ ಅವರ ಮೊಣಕೈಗೆ ಹೆದರದ ಗಂಡಸಿರಲಿಲ್ಲ. ಎರಡು ವರ್ಷದ ಹಿಂದೆ ಬಲಮಂಡಿ ಕೈಕೊಟ್ಟಿತು. ಡಿಪೋದವರು ಅವರನ್ನು ಪಾಸ್ ಕೌಂಟರಿನ ಕಿಟಕಿಯ ಹಿಂದೆ ಕೂರಿಸಿದರು. ರೋಮ್ ಅಂದ ಕೂಡಲೇ ಆಕೆಯ ಮುಖ ಒಮ್ಮೆ ಅರಳಿತ್ತು, ಅದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರು. ಮರುಗಳಿಗೆಯೇ ಅದು ಮುಚ್ಚಿಕೊಂಡಿತು.

"ಮಂಡಿ ಕೇಳಲ್ಲ. ನೀವು ಹೋಗಿ ಬನ್ನಿ. ಡಿಪೋದವರ ಜೊತೆ ಕೋಟೆ ನೋಡೋಕೆ ಹೋದಾಗ ಏನಾಯ್ತು? ಅವರೆಲ್ಲ ಮೇಲೆ ಹೋಗಿ ಗಾಳಿ ಕುಡ್ಕೊಂಡು ಬಂದ್ರು, ನಾನು ಕೆಳಗೆ ಹದಿನಾಲ್ಕು ಚೀಲ ಕಾಯ್ತಾ ಕೂತಿದ್ದೆ. ಚೀಲ ಕಾಯೋಕೆ ವಿಮಾನ ಹತ್ತಬೇಕಾ?"

ಆಮೇಲೆ ಆ ವಿಷಯಕ್ಕೆ ಬೀಗ ಬಿತ್ತು.

ಮೇಷ್ಟ್ರು ಬಿಡುವ ಆಸಾಮಿಯೇ? ಜಗಳ ಆಡಲಿಲ್ಲ, ಗೋಗರೆಯಲಿಲ್ಲ. ಕಚೇರಿಯಿಂದ ಒಂದು ನಕ್ಷೆ ಕಾಗದದ ಸುರುಳಿ ತಂದರು. ಹೊಸ ಬಡಾವಣೆಗೆ ನೀರಿನ ಮಾರ್ಗ ಎಳೆಯುವಾಗ ಹೇಗೋ ಹಾಗೆಯೇ ರೋಮಿಗೂ ಎಳೆಯತೊಡಗಿದರು. ಎಲ್ಲಿ ಎಷ್ಟು ಎತ್ತರ ಎಂಬುದನ್ನು ಫೋನಿನಲ್ಲಿ ಹುಡುಕಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಏಳು ಬೆಟ್ಟಗಳ ಮೇಲೆ ಕಟ್ಟಿದ ಊರದು. ಯಾವ ಬೀದಿ ಎತ್ತ ವಾಲುತ್ತದೆ, ಎಲ್ಲಿ ಮೆಟ್ಟಿಲು, ಎಲ್ಲಿ ಕಲ್ಲುಹಾಸು, ಒಂದೂ ಬಿಡಲಿಲ್ಲ. ಎರಡು ತಿಂಗಳು ಮಧ್ಯಾಹ್ನದ ಊಟದ ಬಿಡುವೆಲ್ಲ ಅದಕ್ಕೇ ಹೋಯಿತು. ಆಪರೇಟರನೂ ಬರಬರುತ್ತ ಹುರುಪಿಗೆ ಬಿದ್ದು, "ಮೇಷ್ಟ್ರೇ, ಈ ಗಲ್ಲಿ ಬೇಡ, ಇಲ್ಲಿ ಮತ್ತೆ ಏರು ಬರುತ್ತೆ" ಎಂದು ಬೆರಳಿಡುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಅರ್ಧ ದಿನದ ರಜೆ ಹಾಕಿ ಮನೆಗೆ ಬಂದರು. ಎರಡನೇ ಮಹಡಿಯ ಎರಡು ಕೋಣೆಯ ಮನೆ. ಕಂಡಕ್ಟರಮ್ಮ ಕೌಂಟರು ಮುಚ್ಚಿ ಬಂದು ಮುಖ ತೊಳೆಯುವಷ್ಟರಲ್ಲಿ ಊಟದ ಮೇಜಿನ ಮೇಲೆ ರೋಮ್ ಹರಡಿತ್ತು. ಒಂದು ಮೂಲೆಗೆ ಸ್ಪಾನರು, ಇನ್ನೊಂದಕ್ಕೆ ಚಹಾದ ಲೋಟ, ಉಳಿದೆರಡಕ್ಕೆ ಮೇಷ್ಟ್ರ ಎರಡು ಕೈ.

"ಏನ್ರೀ ಇದು, ಯಾವ ಏರಿಯಾದಲ್ಲಿ ಪೈಪ್ ಒಡೀತು?"

"ಕೂತ್ಕೋ ಮೊದ್ಲು. ಇದು ನಿನಗೋಸ್ಕರ." ಮೇಷ್ಟ್ರ ದನಿ ಮದುವೆಯ ಗಂಡಿನ ದನಿಯಂತೆ ನಡುಗುತ್ತಿತ್ತು. "ನಮ್ಮ ರೂಮು ಇಲ್ಲಿ, ಬೆಟ್ಟದ ತುದೀಲಿ. ಓವರ್‌ಹೆಡ್ ಟ್ಯಾಂಕ್ ಇದ್ದ ಹಾಗೆ. ದಿನಾ ಬೆಳಿಗ್ಗೆ ಇಲ್ಲಿಂದ ಹೊರಟು ಕೆಳಗೆ, ಕೆಳಗೆ, ನದೀವರೆಗೆ. ವಾಪಸ್ ಬರೋಕೆ ಬಸ್ಸು. ಏಳು ದಿನ, ಏಳು ಲೈನು. ಏಳು ದಿನದಲ್ಲಿ ನೀನು ಒಂದೇ ಒಂದು ಮೆಟ್ಟಿಲು ಹತ್ತಬೇಕಾಗಿಲ್ಲ ಕಣೇ! ಎಲ್ಲಾ ಬರೀ ಇಳಿಯೋದೇ!"

ಕಂಡಕ್ಟರಮ್ಮ ನಕ್ಷೆ ನೋಡಿದರು. ಕೆಳಮುಖದ ನೂರಾರು ಬಾಣಗಳನ್ನು ನೋಡಿದರು. ಗಂಡನ ಮುಖ ನೋಡಿದರು. ಆಮೇಲೆ ನಕ್ಕರು ನೋಡಿ, ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಕೆಳಗಿನ ಮನೆಯವರು ರೇಡಿಯೋ ಸಣ್ಣ ಮಾಡುವಷ್ಟು.

"ಅಯ್ಯೋ ನನ್ನ ಪುಣ್ಯಾತ್ಮ! ನನಗೆ ಹತ್ತೋಕೆ ಆಗಲ್ಲ ಅಂತ ಯಾರ್ರೀ ನಿಮಗೆ ಹೇಳಿದ್ದು?"

"ನೀನೇ ಅಲ್ವಾ ಮಂಡಿ ನೋವು ಅಂದಿದ್ದು?"

"ಮಂಡಿ ನೋವು ಅಂದೆ. ಹತ್ತೋಕಾಗಲ್ಲ ಅಂದ್ನಾ? ಹತ್ತೋದು ನಿಧಾನವಾಗಿ ಹತ್ತೀನಿ ಕಣ್ರೀ. ಪ್ರಾಣ ಹೋಗೋದು ಇಳಿಯುವಾಗ! ಇಪ್ಪತ್ತಾರು ವರ್ಷ ಬಸ್ಸಿನ ಫುಟ್‌ಬೋರ್ಡಿಂದ ಧುಮುಕಿ ಧುಮುಕಿ ಸವೆದಿರೋ ಮಂಡಿ ಇದು. ಈ ಮನೆ ಮೆಟ್ಟಿಲು ನಾನು ದಿನಾ ಹೇಗೆ ಇಳೀತೀನಿ, ಹೇಳಿ ನೋಡೋಣ?"

ಮೇಷ್ಟ್ರು ಬಾಗಿಲಾಚೆಯ ಮೆಟ್ಟಿಲಿನ ಕಡೆ ನೋಡಿದರು. ದಿನಾ ಆರಕ್ಕೇ ವಾಲ್ವು ತಿರುಗಿಸಲು ಓಡುವ ಮನುಷ್ಯ, ಹೆಂಡತಿ ಮೆಟ್ಟಿಲು ಇಳಿಯುವುದನ್ನು ನೋಡಿದ್ದು ಯಾವಾಗ?

"ಹಿಂದುಮುಂದಾಗಿ ಇಳೀತೀನಿ. ಎರಡೂ ಕೈಲಿ ಕಂಬಿ ಹಿಡ್ಕೊಂಡು, ಏಣಿ ಇಳಿಯೋ ಹಾಗೆ. ಮೂರನೇ ಮನೆ ಅಜ್ಜಿಗೆ ಗೊತ್ತು, ಹಾಲಿನವನಿಗೆ ಗೊತ್ತು."

"ಮತ್ತೆ ಆ ಕೋಟೆ?"

"ಕೋಟೆ ಹತ್ತಿಬಿಡ್ತಿದ್ದೆ. ಇಳಿಸೋಕೆ ಯಾರು ಬರ್ತಿದ್ರು, ಡಿಪೋ ಮ್ಯಾನೇಜರ್ರಾ?"

ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಮೇಷ್ಟ್ರು ಎರಡೂ ಕೈ ತೆಗೆದರು. ರೋಮ್ ತಾನಾಗಿ ಅರ್ಧ ಸುರುಳಿ ಸುತ್ತಿಕೊಂಡಿತು. ಊರಿಗೆಲ್ಲ ಇಳಿಜಾರಿನ ಪಾಠ ಹೇಳಿದವರು, ಮನೆಯೊಳಗಿನ ಒಂದು ಮಂಡಿಯನ್ನು ಕೇಳಲಿಲ್ಲ. ನೀರಿಗೆ ಯಾವುದು ಸುಲಭವೋ ಹೆಂಡತಿಗೂ ಅದೇ ಸುಲಭ ಎಂದುಕೊಂಡುಬಿಟ್ಟಿದ್ದರು.

ಕಂಡಕ್ಟರಮ್ಮ ಸುರುಳಿ ಬಿಡಿಸಿ ಮೇಲೆ ಮೊಣಕೈ ಊರಿದರು. "ಪೆನ್ಸಿಲ್ ಕೊಡಿ ಇಲ್ಲಿ. ಈ ಬಾಣಗಳನ್ನೆಲ್ಲ ತಿರುಗಿಸಿದ್ರೆ ಏನಾಗುತ್ತೆ?"

"ಅಂದ್ರೆ... ಕೆಳಗಿಂದ ಮೇಲಕ್ಕಾ? ಅದು ಹೇಗೆ ಕಣೇ, ನೀರು ಯಾವತ್ತೂ..."

"ನಾನು ನೀರಲ್ಲ ಕಣ್ರೀ."

ಮೇಷ್ಟ್ರು ತಲೆ ಕೆರೆದುಕೊಂಡರು. ಒಂದು ಬಾಣ ತಿರುಗಿಸಿದರು. ಇನ್ನೊಂದು. ಮೂರನೆಯದಕ್ಕೆ ಕಣ್ಣು ಹೊಳೆಯಿತು. "ರೂಮು ಕೆಳಗೆ ಇಡೋಣ, ನದಿ ಪಕ್ಕ. ಬೆಳಿಗ್ಗೆ ತಣ್ಣಗಿರುವಾಗ ಹತ್ತೋದು. ದಾರಿ ಉದ್ದಕ್ಕೂ ಬೀದಿ ನಲ್ಲಿ ಇದಾವೆ, ಮೂಗಿನ ಥರ ಬಾಗಿರೋವು. ಮೂಗಿಗೆ ಬೆರಳು ಒತ್ತಿ ಹಿಡಿದ್ರೆ ಮೇಲಿನ ತೂತಿಂದ ನೀರು ಚಿಮ್ಮುತ್ತೆ, ಹಾಗೇ ಬಾಯಿಟ್ಟು ಕುಡೀಬಹುದು! ಸಿಕ್ಕಿದ ನಲ್ಲಿಗೆಲ್ಲ ಒಂದು ವಿಶ್ರಾಂತಿ. ಇಲ್ಲಿ ನೋಡು, ಈ ಬೆಟ್ಟದ ಮೇಲೆ ಒಂದು ಭಾರೀ ಕಾರಂಜಿ. ಅಲ್ಲಿಗೆ ನೀನೇ ಹತ್ತಿ ಹೋಗ್ತೀಯ, ಚೀಲ ಗೀಲ ಏನಿಲ್ಲ, ಇಡೀ ರೋಮು ಕಾಲ ಕೆಳಗೆ!"

"ಇಳಿಯೋಕೆ ಬಸ್ಸು ಎಲ್ಲಿ ತಿರುಗುತ್ತೆ?"

"ಗೊತ್ತಿಲ್ಲ."

"ನಲ್ಲಿ ಮೂಗು ಗೊತ್ತು, ಬಸ್ಸು ಗೊತ್ತಿಲ್ಲ. ಫೋನ್ ಕೊಡಿ." ಆಕೆ ಕನ್ನಡಕ ಹಾಕಿಕೊಂಡು, ಹೊಸ ರೂಟಿಗೆ ಡ್ಯೂಟಿ ಬಿದ್ದವರಂತೆ ಬಗ್ಗಿ ಕುಳಿತರು. "ಬಸ್ಸು ಹೊರಡೋ ಜಾಗದಲ್ಲೇ ಹತ್ತಬೇಕು, ಆಗ ಸೀಟು ಗ್ಯಾರಂಟಿ. ನಡೂ ಸ್ಟಾಪಲ್ಲಿ ಹತ್ತಿದ್ರೆ ನೇತಾಡಬೇಕು. ಮತ್ತೆ ಬಸ್ಸಿನ ನೆಲ ತಗ್ಗಾಗಿದೆಯಾ ನೋಡಬೇಕು. ಇಲ್ನೋಡಿ, ಫೋಟೋ ಇದೆ. ಆಹಾ, ಎಂಥಾ ಬಾಗಿಲು! ಫುಟ್‌ಬೋರ್ಡೇ ಇಲ್ಲ! ನಮ್ಮ ಡಿಪೋದವರಿಗೆ ಈ ಬುದ್ಧಿ ಇದ್ದಿದ್ರೆ ನನ್ನ ಮಂಡಿ ನನ್ನ ಹತ್ರಾನೇ ಇರ್ತಿತ್ತು."

ಬಾಣಗಳು ತಿರುಗಿದವು, ಚಹಾ ಆರಿತು, ಮೂರನೇ ದಿನದ ಲೈನು ಎರಡನೇ ದಿನಕ್ಕೆ ಜಿಗಿಯಿತು. ಇಬ್ಬರೂ ಒಂದೇ ಸಲಕ್ಕೆ ಮಾತಾಡುತ್ತಿದ್ದರು. ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಆಕೆಯ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಟ್ರಾವೆಲ್ಸ್ ಕಚೇರಿ. ಮೇಷ್ಟ್ರು ಕೈ ಚಾಚಿದರು. ಕಂಡಕ್ಟರಮ್ಮ ಕೊಡಲಿಲ್ಲ.

"ಹಲೋ. ಹೂಂ, ಅವರ ಮನೆಯವರೇ ಮಾತಾಡ್ತಿರೋದು. ಎರಡು. ಒಂದಲ್ಲಮ್ಮಾ, ಎರಡು, ಬರ್ಕೊಳ್ಳಿ. ಮತ್ತೆ ಆ ಬೆಟ್ಟದ ಮೇಲಿನ ರೂಮು ಬೇಡ. ನದಿ ಪಕ್ಕ ನೋಡಿ, ನೆಲಮಹಡಿ. ಲಿಫ್ಟ್ ಇದೆ ಅಂತ ಸುಳ್ಳು ಹೇಳಬಾರದು, ನಾನು ಹೋಗಿ ನೋಡ್ತೀನಿ."

ಫೋನು ಇಟ್ಟ ಮೇಲೆ ಅವರು ನಾಲ್ಕನೇ ದಿನದ ಲೈನಿನ ಕೆಳತುದಿಗೆ ಬೆರಳಿಟ್ಟರು. "ಇದೇನು ಕಪ್ಪು ಗುರುತು?"

"ಅದೇ ಕಣೇ, ದೊಡ್ಡ ಮೋರಿ. ಎರಡೂವರೆ ಸಾವಿರ ವರ್ಷದ್ದು. ನದಿಗೆ ಸೇರೋ ಬಾಯಿ ಇನ್ನೂ ಇದೆ. ಸೇತುವೆ ಮೇಲಿಂದ ಕಾಣುತ್ತಂತೆ, ನದೀ ದಂಡೆಗೆ ಇಳಿದ್ರೆ ಇನ್ನೂ..." ಮೇಷ್ಟ್ರು ಅಲ್ಲಿಗೇ ಮಾತು ನಿಲ್ಲಿಸಿದರು. ಪೆನ್ಸಿಲು ಕೈಗೆತ್ತಿಕೊಂಡರು. "ನಿನಗೆ ಎಷ್ಟು ಮೆಟ್ಟಿಲು ಇಳಿಯೋಕೆ ಆಗುತ್ತೆ?"

"ಹತ್ತು," ಅಂದರು ಕಂಡಕ್ಟರಮ್ಮ. ಸ್ವಲ್ಪ ಯೋಚಿಸಿದರು. "ಕಂಬಿ ಗಟ್ಟಿಯಾಗಿದ್ರೆ ಹದಿನೈದು. ಆಚೆ ಪಕ್ಕ ನೀವಿದ್ರೆ ಇಪ್ಪತ್ತು ಅಂತ ಬರ್ಕೊಳ್ಳಿ."

ಮೇಷ್ಟ್ರು ಬರೆದುಕೊಂಡರು.