ಖಾನಾಪುರದ ಗಡಿಗೆಗಳು ಗಚ್ಚಿ ಏರಿದ ಬೇಸಿಗೆ

ಇಸವಿ ಎರಡು ಸಾವಿರದ ಆಸುಪಾಸು. ಮದುವೆಯಾದ ಮರುವರ್ಷ ನಾವು ಬೆಳಗಾವಿಯ ಹಿಂಡಲಗಾದ ಹತ್ತಿರ ಹೊಸದಾಗಿ ಎದ್ದಿದ್ದ ಬಡಾವಣೆಯಲ್ಲಿ ಮೇಲಂತಸ್ತಿನ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಗಂಡನಿಗೆ ಘಟ್ಟದ ಕಣಕುಂಬಿಯಲ್ಲಿ ಅರಣ್ಯ ಇಲಾಖೆಯ ನೌಕರಿ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದರು. ನಾನು ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಒಬ್ಬ ಹಿರಿಯ ಎಂಜಿನಿಯರರ ಕಚೇರಿಯಲ್ಲಿ ಮನೆಗಳ ನಕ್ಷೆ ಬಿಡಿಸುತ್ತಿದ್ದೆ. ಅವರನ್ನು ನಾವೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದೆವು.

ಕಚೇರಿ ಇದ್ದದ್ದು ಒಂದು ಹಳೆಯ ಬಂಗಲೆಯಲ್ಲಿ. ಎತ್ತರದ ಹಂಚಿನ ಮಾಡು, ಸುತ್ತ ವರಾಂಡ, ಅಂಗಳದಲ್ಲಿ ದೊಡ್ಡ ಮರಗಳು. ಏಪ್ರಿಲ್ ತಿಂಗಳ ಮಧ್ಯಾಹ್ನವೂ ಅಲ್ಲಿ ಪಂಖಾ ಬೇಕೆನಿಸುತ್ತಿರಲಿಲ್ಲ. ಮನೆಗೆ ಬಂದರೆ ಬೇರೆಯದೇ ಲೋಕ. ದಿನವಿಡೀ ಕಾದ ಸ್ಲ್ಯಾಬು ಹೊತ್ತು ಮುಳುಗಿದ ಮೇಲೆ ಆ ಕಾವನ್ನೆಲ್ಲ ನಮ್ಮ ತಲೆಯ ಮೇಲೆ ಸುರಿಯುತ್ತಿತ್ತು. ಪಂಖಾ ಹಾಕಿದರೆ ಅದೇ ಬಿಸಿಗಾಳಿ ತಿರುಗಿ ತಿರುಗಿ ಬರುತ್ತಿತ್ತು. ಆಗ ನಾನು ಬಸುರಿ, ಏಳು ತಿಂಗಳು ತುಂಬಿತ್ತು. ಭಾನುವಾರವೂ ಕಚೇರಿ ತೆಗೆಯುತ್ತೀರೇನು ಎಂದು ಸಾಹೇಬರನ್ನು ಕೇಳಿ ಅವರನ್ನು ಗಾಬರಿಗೊಳಿಸಿದ್ದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಆದರೆ ನನ್ನ ತವರು ಬಿಜಾಪುರ. ಅಲ್ಲಿಯ ಮೇ ತಿಂಗಳಿಗೆ ಹೆದರಿ ಅವ್ವನೇ ನನ್ನ ಹತ್ತಿರ ಬಂದಳು. ಬಂದ ಸಂಜೆ ಚಾಪೆ ಹಾಸಿ ಅಡ್ಡಾದವಳು ಮೇಲಿನ ಸ್ಲ್ಯಾಬು ನೋಡುತ್ತ ಸೆರಗಿನಿಂದ ಗಾಳಿ ಹಾಕಿಕೊಂಡಳು.

“ಬೆಳಗಾಂವಿ ತಂಪ ಅಂತ ಯಾರ ಹೇಳಿದ್ರವಾ ನಿನಗ? ನಮ್ಮ ಮಣ್ಣಿನ ಮಾಳಿಗಿ ಮನ್ಯಾಗ ಇದರ ಅರ್ಧಾ ಶೆಕಿನೂ ಇಲ್ಲ.”

ಅಂದು ಶನಿವಾರ. ರಾತ್ರಿ ಊಟಕ್ಕೆ ಕುಳಿತ ಗಂಡ, “ಕಣಕುಂಬ್ಯಾಗ ರಾತ್ರಿ ಇನ್ನೂ ಚಾದರ ಬೇಕಾಗತೈತ್ರಿ,” ಎಂದರು. ಅವ್ವ ಅವರ ತಾಟಿಗೆ ಪಲ್ಯ ಹಾಕುತ್ತಿದ್ದ ಕೈಯನ್ನು ಅರ್ಧಕ್ಕೇ ಹಿಂದಕ್ಕೆ ತೆಗೆದಳು.

ಕೆಳಗಿನ ಮನೆಯಲ್ಲಿ ಮನೆಯೊಡತಿ ಮಾಲಕಿಬಾಯಿ ಒಬ್ಬರೇ ಇದ್ದರು; ನಾವು ಬಾಯಿ ಎನ್ನುತ್ತಿದ್ದೆವು. ಮರಾಠಿ ಮನೆಮಾತಿನವರು, ನರ್ಸ್ ಆಗಿ ನಿವೃತ್ತರಾದವರು. ನನ್ನ ಮುಖ ಕೆಂಪೇರಿದ್ದು ಕಂಡು ಒಂದು ಸಂಜೆ ಥರ್ಮಾಮೀಟರ್ ಹಿಡಿದು ಮೇಲೆ ಬಂದರು. ನನ್ನ ಬಾಯಲ್ಲಿಟ್ಟು ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅದನ್ನು ಝಾಡಿಸಿ, ಮಂಚದ ಬಾಜುವಿನ ಗೋಡೆಗೆ ಒತ್ತಿ ಹಿಡಿದರು. ಪಾದರಸ ಸರಸರನೆ ಏರಿತು.

“ಜ್ವರ ನಿನಗಿಲ್ಲ ಪೋರಿ, ಖೋಲಿಗೆ ಬಂದೈತಿ,” ಎಂದು ನಕ್ಕರು. ನಗು ಮುಗಿದ ಮೇಲೆ ಅವ್ವನ ಕಡೆ ತಿರುಗಿ, “ಖರೇ ಹೇಳ್ತೀನ್ರಿ, ಇದರಾಗ ಬಾಣಂತನ ಭಾಳ ಕಠಿಣ ಐತಿ,” ಎಂದರು.

ಮರುದಿನ ಈ ಕತೆಯನ್ನು ಸಾಹೇಬರಿಗೆ ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟು, ತಮ್ಮ ಬಾಲ್ಯದ ಮನೆಯಲ್ಲಿ ಗಚ್ಚಿಯ ಮೇಲೆ, ತಾರಸಿಯ ತುಂಬ, ಗಡಿಗೆ ಬೋರಲು ಹಾಕುತ್ತಿದ್ದರೆಂದು ನೆನಪಿಸಿಕೊಂಡರು. ಗಡಿಗೆಯೊಳಗೆ ನಿಂತ ಗಾಳಿ ಬಿಸಿಲಿನ ಕಾವನ್ನು ಕೆಳಗಿಳಿಯಗೊಡುವುದಿಲ್ಲ.

“ಖಾನಾಪುರದಾಗ ಕುಂಬಾರರ ಭಟ್ಟಿ ಬಾಜು ಬಾಯಿ ಒಡದ ಗಡಿಗಿ ರಾಶಿ ಬಿದ್ದಿರ್ತಾವ. ತಗೊಂಡ ಬರ್ರಿ. ಮೊದಲ ಗಚ್ಚಿಗೆ ದಪ್ಪಗ ಸುಣ್ಣಾ ಬಳೀರಿ.”

ಮಾಲಕಿಬಾಯಿ ಮೊದಲು ಒಪ್ಪಲಿಲ್ಲ. ಸುಣ್ಣ ಬಳಿಯಲು ಅಡ್ಡಿಯಿಲ್ಲ, ಗಡಿಗೆ ಬೇಡ. ಸ್ಲ್ಯಾಬಿಗೆ ಭಾರವಾಗಿ ಮಳೆಗಾಲದಲ್ಲಿ ಸೋರಿದರೆ ಏನು ಗತಿ? ಅವ್ವ ಅವರನ್ನೂ ತನ್ನನ್ನೂ ಒಮ್ಮೆ ಅಳೆಯುವಂತೆ ನೋಡಿ, “ಖಾಲಿ ಗಡಿಗಿರೀ ಬಾಯಿ. ನಾವಿಬ್ಬರೂ ಹೋಗಿ ಗಚ್ಚಿ ಮ್ಯಾಲ ನಿಂತ್ರ ಅದಕಿಂತ ಭಾಳ ವಜ್ಜಿ ಆಗತೈತಿ,” ಎಂದಳು. ಇಬ್ಬರೂ ಸಾಕಷ್ಟು ದಪ್ಪಗಿದ್ದರು. ಬಾಯಿ ಒಂದು ಕ್ಷಣ ಬಿಗಿಯಾದರು, ಆಮೇಲೆ ಸೆರಗು ಬಾಯಿಗೆ ಹಚ್ಚಿ ನಕ್ಕರು. ಮಳೆಗೆ ಮೊದಲು ಎಲ್ಲವನ್ನೂ ಇಳಿಸಬೇಕು, ಗಡಿಗೆ ತಾವೇ ಆರಿಸಬೇಕು ಎಂಬ ಕರಾರಿನ ಮೇಲೆ ಒಪ್ಪಿಗೆ ಸಿಕ್ಕಿತು.

ಹೀಗೆ ಗಂಡನಿಗೆ ರಜೆ ಸಿಗದ ಒಂದು ಭಾನುವಾರ ಬೆಳಿಗ್ಗೆ ನಾವು ಮೂವರು ಹೆಂಗಸರು ಪ್ಯಾಸೆಂಜರ್ ರೈಲಿನಲ್ಲಿ ಖಾನಾಪುರಕ್ಕೆ ಹೊರಟೆವು. ನನ್ನನ್ನು ಬಿಟ್ಟು ಹೋಗಬೇಕೆಂದು ಅವ್ವ ನೋಡಿದಳು. ಆ ಕೋಣೆಯಲ್ಲಿ ಒಬ್ಬಳೇ ಬೇಯುವುದಕ್ಕಿಂತ ರೈಲಿನ ಕಿಟಕಿಯ ಗಾಳಿ ಮೇಲೆಂದು ನಾನು ಹಟ ಮಾಡಿದೆ. ದಾರಿಯುದ್ದಕ್ಕೂ ಅವ್ವನೂ ಬಾಯಿಯೂ ಅವಲಕ್ಕಿ ಚೂಡಾ ಹಂಚಿಕೊಂಡು ತಮ್ಮ ತಮ್ಮ ಬೆನ್ನುನೋವಿನ ಕತೆ ಹೇಳಿಕೊಂಡರು.

ಭಟ್ಟಿಯ ಹತ್ತಿರ ಕುಂಬಾರರ ಹೆಂಗಸೊಬ್ಬಳು ಸುಟ್ಟ ಗಡಿಗೆಗಳನ್ನು ಬಡಿದು ಬಡಿದು ಬೇರೆ ಮಾಡುತ್ತಿದ್ದಳು. ಬಾಯಿಯ ಜೊತೆ ಮರಾಠಿಯಲ್ಲಿ, ಅವ್ವನ ಜೊತೆ ಕನ್ನಡದಲ್ಲಿ, ಒಂದೇ ಉಸಿರಿಗೆ ಮಾತಾಡಿದಳು. ಆದರೆ ರಾಶಿಯನ್ನು ಕಣ್ಣಾರೆ ಕಂಡಾಗ ಅವ್ವ ಹಿಂಜರಿದಳು. ಬಸುರಿ ಇರುವ ಮನೆಗೆ ಒಡೆದ ಗಡಿಗೆ ಒಯ್ಯುವುದೇ?

ಕುಂಬಾರಗಿತ್ತಿ ಒಂದು ಗಡಿಗೆಯನ್ನು ಎತ್ತಿ ತಟ್ಟಿದಳು. ಠಣ್ ಎಂದಿತು. “ಅಂಚ ಅಷ್ಟ ಚಕ್ಕಿ ಎದ್ದೈತ್ರಿ ಯವ್ವಾ, ಹೊಟ್ಟಿ ಗಟ್ಟಿ ಐತಿ ನೋಡ್ರಿ,” ಎಂದು ನನ್ನ ಹೊಟ್ಟೆಯ ಕಡೆ ನೋಡಿದಳು. ನಾವು ಮೂವರೂ ನಕ್ಕೆವು. ಅಲ್ಲಿಗೆ ಅವ್ವನ ಅನುಮಾನ ಮುಗಿಯಿತು. ಆಮೇಲೆ ಅವಳೂ ಬಾಯಿಯೂ ಒಂದೊಂದೇ ಗಡಿಗೆ ತಟ್ಟಿ, ಕಿವಿಗೊಟ್ಟು, ಮಗಳಿಗೆ ವರ ನೋಡುವಷ್ಟು ಹೊತ್ತು ಆರಿಸಿದರು.

ಹುಲ್ಲು ಹಾಸಿದ ಟೆಂಪೋದಲ್ಲಿ ಗಡಿಗೆಗಳು ಹೊರಟವು. ಡ್ರೈವರನ ಪಕ್ಕದಲ್ಲಿ ಬಾಯಿ ಕುಳಿತರು. ನಾನು, ಅವ್ವ ರೈಲಿಗೆ ಕಾದು ಹಿಂದಿನಿಂದ ಬಂದೆವು. ಓಣಿ ಮುಟ್ಟಿದಾಗ ನೋಡಿದರೆ ಟೆಂಪೋ ಅರ್ಧ ಖಾಲಿ, ಬಾಯಿ ತಲೆ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದಾರೆ. ಬೇಸಿಗೆಗೆ ಗಡಿಗೆ ಮಾರುವವರು ಬಂದರೆಂದು ಓಣಿಯ ಹೆಂಗಸರು ಮುತ್ತಿಕೊಂಡು, ಬಾಯಿ ಮಾತೆತ್ತುವ ಮೊದಲೇ ಕೈಗೆ ಬಂದಷ್ಟು ಎತ್ತಿಕೊಂಡು ಹೋಗಿದ್ದರು. ಕೆಲವರ ಮನೆಯಲ್ಲಿ ಆಗಲೇ ನೀರೂ ತುಂಬಿತ್ತು.

“ಏನ ಮಾಡೂದೀಗ?” ಎಂದಳು ಅವ್ವ.

“ಮನಿಮನಿಗೆ ಹೋಗೂಣು,” ಎಂದು ಬಾಯಿ ಎದ್ದರು.

ಪ್ರತಿ ಬಾಗಿಲಲ್ಲೂ ಬಾಯಿ ಗಚ್ಚಿಯ ವಿಷಯ ವಿವರಿಸಬೇಕಾಯಿತು. ಥರ್ಮಾಮೀಟರಿನ ಕತೆಯನ್ನು ಅವರು ಹೇಳಿದಷ್ಟು ಸಲವೂ ಅದರ ಪಾದರಸ ಇನ್ನಷ್ಟು ಮೇಲೇರುತ್ತಿತ್ತು. ಕೇಳಿದವರು ಗಡಿಗೆ ಸುಮ್ಮನೆ ವಾಪಸು ಕೊಡಲಿಲ್ಲ; ಇದೇನು ನೋಡೋಣವೆಂದು ತಾವೇ ಹೊತ್ತುಕೊಂಡು ಮೇಲೆ ಬಂದರು. ಹಿಂದಿನ ದಿನ ಸುಣ್ಣ ಬಳಿದಿದ್ದ ಗಚ್ಚಿ ಸಂಜೆಯ ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ನೀರಿನ ಟಾಕಿಯ ನೆರಳಿನಲ್ಲಿ ನನಗೊಂದು ಕುರ್ಚಿ ಹಾಕಿದರು. ತಿಂಗಳುಗಟ್ಟಲೆ ಒಂದೇ ಓಣಿಯಲ್ಲಿದ್ದು ಮುಗುಳ್ನಗೆಗಿಂತ ಹೆಚ್ಚು ಮಾತಾಡದ ಹೆಂಗಸರು ಸಾಲಾಗಿ ನಿಂತು ಗಡಿಗೆ ದಾಟಿಸಿದರು, ಬೋರಲು ಹಾಕಿದರು, ಸಂದು ಬಿಟ್ಟವರನ್ನು ಬೈದರು. ಮೇಲಿಂದ ಮತ್ತೊಂದು ಸುತ್ತು ಸುಣ್ಣ ಬಿತ್ತು. ಎಲ್ಲರ ಸೀರೆಯೂ ಕಲೆ. ಯಾರೋ ಕೆಳಗಿನಿಂದ ಚುರುಮುರಿಯ ಗಿರಮಿಟ್ಟು ಮಾಡಿ ತಂದರು. ಕತ್ತಲಾಗುವವರೆಗೂ ಯಾರೂ ಇಳಿಯಲಿಲ್ಲ.

ಮಾರನೆಯ ದಿನ ಕಚೇರಿಯಿಂದ ಬಂದು ಬಾಗಿಲು ತೆಗೆದಾಗ ಕೋಣೆ ಸುಮ್ಮನೆ ಕೋಣೆಯಂತಿತ್ತು. ಮುಖಕ್ಕೆ ಹೊಡೆಯುತ್ತಿದ್ದ ಆ ಕಾವು ಇರಲಿಲ್ಲ. ಚಾಪೆಯ ಮೇಲೆ ಅವ್ವ ನಿದ್ದೆ ಹೋಗಿದ್ದಳು. ಅವಳ ಪಕ್ಕದಲ್ಲಿ, ಚಹಾದ ಕಪ್ಪು ಹಾಗೇ ಆರಲು ಬಿಟ್ಟು, ಬಾಯಿಯೂ ಗೊರಕೆ ಹೊಡೆಯುತ್ತಿದ್ದರು. ಇಬ್ಬರನ್ನೂ ದಾಟಿ ಒಳಗೆ ಹೋಗಿ ನಾನೂ ಮಲಗಿದೆ. ಮುಂದಿನ ವಾರಗಳಲ್ಲಿ ಓಣಿಯ ಗಚ್ಚಿಗಳು ಒಂದೊಂದಾಗಿ ಬೆಳ್ಳಗಾದವು. ಖಾನಾಪುರದ ಟೆಂಪೋದವನಿಗೆ ನಮ್ಮ ಓಣಿಯ ದಾರಿ ಬಾಯಿಪಾಠವಾಯಿತು.

ಮೇ ಕೊನೆಗೆ ಮಗಳು ಹುಟ್ಟಿದಳು. ಕೂಸು ನೋಡಲು ಬಂದವರು ಮೊದಲು ಗಚ್ಚಿ ಹತ್ತಿ, ಆಮೇಲೆ ತೊಟ್ಟಿಲ ಹತ್ತಿರ ಬರುತ್ತಿದ್ದರು. ಹಾಗೇ ಒಂದು ಮಧ್ಯಾಹ್ನ ಸಾಹೇಬರೂ ಬಂದರು, ಜೊತೆಗೆ ಒಬ್ಬ ಬಿಲ್ಡರನನ್ನೂ ಕರೆತಂದಿದ್ದರು. ಖಾನಾಪುರ ರಸ್ತೆಯ ಕಡೆ ಸಾಲುಮನೆಗಳ ಒಂದು ಬಡಾವಣೆ ಕಟ್ಟಲು ಹೊರಟಿದ್ದ ಮನುಷ್ಯ. ಗಚ್ಚಿ ನೋಡಿ ಬಂದು ಅವನು ಮೂಗು ಮುರಿದ.

“ಮನಿ ಮ್ಯಾಲ ಗಡಿಗಿ ಕಂಡ್ರ ಮಂದಿ ನಗ್ತಾರ್ರಿ.”

ಅವ್ವ ಮಜ್ಜಿಗೆ ಕೊಟ್ಟಳು. ಕುಡಿದವನು ಕುರ್ಚಿಗೆ ಒರಗಿದ, ಮಾತಾಡುತ್ತ ಆಡುತ್ತ ಅವನ ಗದ್ದ ಎದೆಗೆ ತಾಗಿತು. ಅವನನ್ನು ಎಬ್ಬಿಸಬಾರದೆಂದು ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು. ಎಚ್ಚರವಾದಾಗ ಗಡಿಯಾರ ನೋಡಿ ನಾಚಿಕೊಂಡ.

“ನಗಲಿ ಬಿಡ್ರಿ,” ಎಂದರು ಸಾಹೇಬರು. “ನಿದ್ದಿ ಛಲೋ ಮಾಡ್ತಾರ.”

ಕೊನೆಗೆ ಸ್ಲ್ಯಾಬಿನ ಒಳಗೇ ಖಾನಾಪುರದ ಹಂಚು ಕೂಡಿಸುವುದು, ಮೇಲೆ ಬಿಳಿ ಗಿಲಾವು ಮಾಡುವುದು, ಪಡುವಣ ಬಿಸಿಲಿನ ಕಡೆಗೆ ವರಾಂಡ ಇಡುವುದು ಎಂದು ಮಾತಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಕೆಲಸಕ್ಕೆ ಮರಳಿದೆ. ಬಂಗಲೆಯ ವರಾಂಡದಲ್ಲೇ ಕೂಸಿನ ಜೋಳಿಗೆ ಕಟ್ಟಲು ಸಾಹೇಬರು ಒಪ್ಪಿದರು. ಅಲ್ಲಿಯವರೆಗೆ ನಾನು ಬಿಡಿಸಿದ್ದು ಬಿಡಿ ಮನೆಗಳನ್ನು ಮಾತ್ರ. ಈಗ ಮೊದಲ ಸಲ ಇಡೀ ಓಣಿಯನ್ನು ಬಿಡಿಸಿದೆ. ಮಧ್ಯಾಹ್ನದ ನೆರಳು ಯಾವ ಕಡೆ ಬೀಳುತ್ತದೆ, ಶಾಲೆಯ ಮಕ್ಕಳು ಯಾವ ಬದಿಯಿಂದ ನಡೆದು ಬರುತ್ತಾರೆ, ಗಾಳಿಗೆ ಎಲ್ಲಿ ದಾರಿ ಬಿಡಬೇಕು, ಎಲ್ಲವನ್ನೂ. ಜಾಗದ ನಡುವೆ ಒಂದು ದೊಡ್ಡ ಹಲಸಿನ ಮರವಿತ್ತು. ಬಿಲ್ಡರ್ ಕಡಿಯೋಣವೆಂದ, ನಾವು ರಸ್ತೆಯನ್ನೇ ಅದರ ಸುತ್ತ ಬಾಗಿಸಿದೆವು.

ಆ ಬಡಾವಣೆಗೆ ಜನ ಬಂದು ನೆಲೆಸಿದ ಮೊದಲ ಬೇಸಿಗೆಯಲ್ಲಿ, ಎರಡು ವರ್ಷ ತುಂಬುತ್ತಿದ್ದ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಹಲಸಿನ ಕೆಳಗೆ ಯಾರೋ ಕಲ್ಲುಬೆಂಚು ಹಾಕಿಸಿದ್ದರು. ಒಬ್ಬ ಹೆಂಗಸು ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಈ ರಸ್ತೆ ಯಾರ ಮಾಡ್ಯಾರೋ ಏನೋ, ಸೊಟ್ಟ ಐತ್ರಿ,” ಎಂದಳು. “ಟೆಂಪೋ ತಿರಗಬೇಕಂದ್ರ ಡ್ರೈವರಗ ಬೆವರ ಬರತಾವ. ನಮಗೇನರಿ, ಮನ್ಯಾಗೂ ತಂಪ ಐತಿ, ಇಲ್ಲೂ ತಂಪ ಐತಿ. ಬರ್ರಿ, ಕುಂದರ್ರಿ.”

ಅವಳು ಮೊರ ಸರಿಸಿ ಜಾಗ ಮಾಡಿಕೊಟ್ಟಳು. ನಾನು ಕುಳಿತೆ. ಮಗಳು ಒಂದು ಹಿಡಿ ಅಕ್ಕಿ ತೆಗೆದು ರಸ್ತೆಗೆ ಚೆಲ್ಲಿದಳು, ಗುಬ್ಬಿಗಳು ಇಳಿದು ಬಂದವು.