ಗೋರಂಟಿ ಹಚ್ಚಿದ ಬೆರಳು

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಮಕ್ಕಳ ಆಸ್ಪತ್ರೆಯಲ್ಲಿ ನಾನು ನರ್ಸ್. ಬಾಗಿಲ ಹತ್ತಿರದ ಮೇಜು ನನ್ನದು. ಡಾಕ್ಟರು ನೋಡುವ ಮೊದಲು ಪ್ರತಿ ಮಗುವನ್ನೂ ನಾನು ನೋಡಿ, ಯಾರು ಕಾಯಬಹುದು, ಯಾರು ಕಾಯಬಾರದು ಎಂದು ತೀರ್ಮಾನಿಸಬೇಕು. ತೂಕ, ಜ್ವರ ಎಲ್ಲ ಆಮೇಲೆ. ಮೊದಲು ಕುರ್ಚಿಯಿಂದ ಏಳದೆ, ಮುಟ್ಟದೆ, ಸುಮ್ಮನೆ ನೋಡುವುದು. ನರ್ಸ್ ಹತ್ತಿರ ಬಂದರೆ ಸಾಕು, ಎರಡು ವರ್ಷದ ಮಗು ಇಡೀ ಬೀದಿಗೆ ಕೇಳುವ ಹಾಗೆ ಕಿರುಚುತ್ತದೆ. ಕಿರುಚುವ ಮಗುವಿನ ಉಸಿರು ಎಣಿಸಿ ಏನೂ ಪ್ರಯೋಜನವಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ಅಳುವ ಮಗುವನ್ನು ಬಿಡಿ, ಅದಕ್ಕೆ ಅಳುವಷ್ಟು ಶಕ್ತಿ ಇದೆ; ಸುಮ್ಮನಿರುವ ಮಗುವಿನ ಹತ್ತಿರ ಮೊದಲು ಹೋಗಿ. ಇದನ್ನು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಭ ಇರುತ್ತಿತ್ತು. ಹದಿನಾರು ವರ್ಷದ ಅನುಭವ ಅಲ್ಲವೇ.

ಚಳಿ ಶುರುವಾದ ಒಂದು ಸೋಮವಾರ ಬೆಳಿಗ್ಗೆ ರಾಜಾನುಕುಂಟೆ ಕಡೆಯಿಂದ ಒಂದೂವರೆ ವರ್ಷದ ಹೆಣ್ಣು ಮಗುವನ್ನು ಕರೆತಂದರು. ಎತ್ತಿಕೊಂಡಿದ್ದವಳು ತಾಯಿ, ಹಿಂದೆ ಅಜ್ಜಿ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಗಿ, ಅದರಲ್ಲೇ ಮೂರು ಅಂತಸ್ತಿನ ಮನೆ ಎಬ್ಬಿಸಿ, ಆ ವಾರವಷ್ಟೇ ಗೃಹಪ್ರವೇಶ ಮುಗಿಸಿದ್ದ ಮನೆಯವರು. ಮಗುವಿನ ಮೈಮೇಲೆ ಎರಡು ಸ್ವೆಟರ್, ತಲೆಗೆ ಕಿವಿ ಮುಚ್ಚುವ ಉಲ್ಲನ್ ಟೋಪಿ, ಕೆನ್ನೆಗೆ ದೃಷ್ಟಿಬೊಟ್ಟು, ಹತ್ತೂ ಬೆರಳಿಗೆ ಕಡುಕೆಂಪು ಗೋರಂಟಿ. ಎರಡು ದಿನದಿಂದ ಕೆಮ್ಮು, ನೆಗಡಿ, ಜ್ವರ ಎಂದಳು ತಾಯಿ. ಮಗು ಅವಳ ಹೆಗಲ ಮೇಲೆ ಕೆನ್ನೆ ಇಟ್ಟು ಸುಮ್ಮನಿತ್ತು.

"ಮಲಗಿದ್ಯಾ?" ಎಂದು ಕೇಳಿದೆ.

"ಈಗ ತಾನೇ ಕಾರಲ್ಲಿ ಕಣ್ಣು ಮುಚ್ತು ಸಿಸ್ಟರ್. ರಾತ್ರಿಯೆಲ್ಲ ನಿದ್ದೆ ಇಲ್ಲ ಅದಕ್ಕೆ."

ಮಲಗಿದ ಮಗುವನ್ನು ಎಬ್ಬಿಸಿ ಸ್ವೆಟರ್ ಬಿಚ್ಚಿಸುವುದು ಬೇಡ ಎನ್ನಿಸಿತು. ಉಳಿದ ಮಕ್ಕಳೆಲ್ಲ ಆಗಲೇ ಅಳುತ್ತಿದ್ದರು, ಇವಳೊಬ್ಬಳ ದನಿ ಅದಕ್ಕೆ ಸೇರುವುದು ಬೇಕಿರಲಿಲ್ಲ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಸಣ್ಣ ಮೆಷಿನ್ನಿನ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿದೆ. ಎಂಬತ್ತೆಂಟು ತೋರಿಸಿ ಕೂಗಿತು. ತೊಂಬತ್ತೈದಾದರೂ ಇರಬೇಕು. ಬೆರಳು ಬದಲಿಸಿದೆ. ಎಂಬತ್ತೇಳು, ಮತ್ತೆ ಕೂಗು.

"ಗೋರಂಟಿ ಹಚ್ಚಿದ್ರೆ ಇದು ಹಿಂಗೇ ಏನೇನೋ ತೋರ್ಸುತ್ತೆ" ಎಂದು ಕ್ಲಿಪ್ ತೆಗೆದೆ. ಮದುವೆ, ಹಬ್ಬ, ಗೃಹಪ್ರವೇಶ ಆದ ವಾರ ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಇದು. ಉಗುರಿನ ಬಣ್ಣ ಕೆಲವು ಸಲ ಮೆಷಿನ್ನಿಗೆ ಅಡ್ಡ ಬರುವುದು ನಿಜ. ಆದರೆ ಅದು ಅನುಮಾನಕ್ಕೆ ಕಾರಣವೇ ಹೊರತು ಉತ್ತರವಲ್ಲ. ನಾನು ಅದನ್ನೇ ಉತ್ತರ ಮಾಡಿಕೊಂಡೆ. ಚೀಟಿಯಲ್ಲಿ ಆ ಅಂಕಿಯನ್ನು ಬರೆಯಲೂ ಇಲ್ಲ. ಟೋಕನ್ ಕೊಟ್ಟು, ಬೆಂಚಿನಲ್ಲಿ ಕೂತಿರಿ ಎಂದೆ.

ತಾಯಿ ಹೋದಳು. ಅಜ್ಜಿ ಮೇಜು ಬಿಟ್ಟು ಕದಲಲಿಲ್ಲ.

"ಇವತ್ತು ಟೋಪಿ ಆಕುಸ್ಕೊಂಬುಡ್ತು ಕಣವ್ವ."

"ಒಳ್ಳೇದಾಯ್ತಲ್ಲಮ್ಮ, ಚಳಿ ಬೇರೆ ಇದೆ."

"ಅಂಗಲ್ಲ. ಯಾವತ್ತೂ ಆಕುಸ್ಕಳಲ್ಲ ಅದು. ಕಿತ್ತು ಬಿಸಾಕ್ತದೆ."

"ಆಯ್ತು, ಡಾಕ್ಟ್ರಿಗೆ ಹೇಳಿ" ಎಂದು ಮುಂದಿನ ಟೋಕನ್ ಕೂಗಿದೆ. ಅಜ್ಜಿಯರು ಏನೇನೋ ಹೇಳುತ್ತಾರೆ. ಕಣ್ಣು ಬಿದ್ದಿದೆ ಎನ್ನುತ್ತಾರೆ, ಬಾಳೆಹಣ್ಣು ತಿಂದದ್ದಕ್ಕೆ ಶೀತವಾಯಿತು ಎನ್ನುತ್ತಾರೆ. ಎಲ್ಲಕ್ಕೂ ಕಿವಿ ಕೊಟ್ಟರೆ ಮಧ್ಯಾಹ್ನದ ಊಟಕ್ಕೂ ಏಳುವ ಹಾಗಿಲ್ಲ ಎಂದುಕೊಂಡೆ.

ಹತ್ತು ನಿಮಿಷ ಕಳೆದಿರಬೇಕು. ನೂರಾ ಮೂರು ಡಿಗ್ರಿ ಜ್ವರದ ಒಬ್ಬ ಹುಡುಗನನ್ನು ನೋಡುತ್ತಿದ್ದೆ. ಅವನ ಅಮ್ಮ ಹಾಕಿದ ಟೋಪಿಯನ್ನು ಅವನು ಕಿತ್ತು ನನ್ನ ಮೇಜಿನ ಮೇಲೆ ಎಸೆದ. ಅಮ್ಮ ಮತ್ತೆ ಹಾಕಿದಳು, ಇವನು ಮತ್ತೆ ಎಸೆದ. ಮೂರನೆಯ ಸಲ ಅದು ನನ್ನ ಮುಖಕ್ಕೇ ಬಂತು. ಆಗ ಅರ್ಥವಾಯಿತು. ಅಜ್ಜಿ ನನಗೆ ಹೇಳಿದ್ದು ಟೋಪಿಯ ವಿಷಯವನ್ನಲ್ಲ, ಅದನ್ನು ಕಿತ್ತೆಸೆಯುವ ಶಕ್ತಿಯೂ ಮಗುವಿಗಿಲ್ಲ ಎಂದು.

ಎದ್ದು ಬೆಂಚಿಗೆ ಹೋದೆ. ಮಗುವಿನ ಸ್ವೆಟರ್ ಎರಡನ್ನೂ, ಒಳಗಿನ ಅಂಗಿಯನ್ನೂ ಕತ್ತಿನವರೆಗೆ ಎತ್ತಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಗಡಿಯಾರ ನೋಡಿಕೊಂಡು ಎಣಿಸಿದೆ. ಈ ವಯಸ್ಸಿಗೆ ನಿಮಿಷಕ್ಕೆ ನಲವತ್ತು ದಾಟಬಾರದು. ಅರ್ಧ ನಿಮಿಷಕ್ಕೇ ಮೂವತ್ತೊಂದಾಗಿತ್ತು, ಪೂರ್ತಿ ಎಣಿಸಲು ನಿಲ್ಲಲಿಲ್ಲ. ಟೋಪಿ ಸರಿಸಿ ಕ್ಲಿಪ್ಪನ್ನು ಕಿವಿಗೆ ಹಾಕಿದೆ. ಕಿವಿಗೆ ಯಾರೂ ಗೋರಂಟಿ ಹಚ್ಚುವುದಿಲ್ಲ. ಎಂಬತ್ತಾರು.

ನಾನೇ ಮಗುವನ್ನು ಎತ್ತಿಕೊಂಡು ಟೋಕನ್ ಸಾಲನ್ನು ದಾಟಿ ಡಾಕ್ಟರ ಕೋಣೆಗೆ ನುಗ್ಗಿದೆ. ಮೂಗಿಗೆ ಆಕ್ಸಿಜನ್ ಕೊಳವೆ ಇಟ್ಟೆವು. ಕೈಗೆ ಸೂಜಿ ಚುಚ್ಚಿದಾಗ ಮಗು ಕಣ್ಣು ತೆರೆದು ನನ್ನನ್ನು ನೋಡಿತು, ಅಷ್ಟೇ. ಅಳಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ನ್ಯುಮೋನಿಯಾ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ತಡವಾಗಿದ್ದು ಎಲ್ಲಿ ಎಂದು ಅವರು ಕೇಳಲಿಲ್ಲ. ಮಗುವನ್ನು ಮೇಲಿನ ವಾರ್ಡಿಗೆ ಸೇರಿಸಿದರು. ಆ ದಿನವೂ ಮರುದಿನವೂ ನಾನು ನೆಪ ಮಾಡಿಕೊಂಡು ನಾಲ್ಕೈದು ಸಲ ಮೆಟ್ಟಿಲು ಹತ್ತಿ, ಮಾನಿಟರ್ ನೋಡಿ, ಯಾರೊಂದಿಗೂ ಮಾತಾಡದೆ ಇಳಿದೆ.

ಮೂರನೆಯ ದಿನ ಹೋದಾಗ ಮಗು ಕೂತಿತ್ತು. ಅಜ್ಜಿ ಇಡ್ಲಿ ಕಿವುಚಿ ತಿನ್ನಿಸುತ್ತಿದ್ದರು. ನನ್ನನ್ನು ಕಂಡದ್ದೇ ಅದು ಬಾಯಲ್ಲಿದ್ದ ಇಡ್ಲಿ ಉಗಿದು ಗೋಳೋ ಎಂದು ಶುರುಮಾಡಿತು. ಇಷ್ಟು ವರ್ಷಗಳಲ್ಲಿ ಯಾವ ಮಗುವಿನ ಅಳುವೂ ನನಗೆ ಅಷ್ಟು ಹಿತವೆನಿಸಿರಲಿಲ್ಲ.

ತಾಯಿ ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವ್ ಎತ್ಕೊಂಡು ಓಡ್ಲಿಲ್ಲ ಅಂದಿದ್ರೆ ಏನ್ ಗತಿ ಸಿಸ್ಟರ್? ನಮ್ ಪಾಲಿಗೆ ದೇವ್ರು ನೀವು."

ನಮ್ಮ ಕೆಲಸ ತಾನೇ ಎಂದು ನಕ್ಕು ಬರಬಹುದಿತ್ತು. ಮೊದಲ ಅಂಕಿ ಯಾವ ಕಾಗದದಲ್ಲೂ ಇರಲಿಲ್ಲ. ಆದರೆ ಆ ದೇವರು ಎಂಬ ಮಾತನ್ನು ಹೊತ್ತುಕೊಂಡು ಮೆಟ್ಟಿಲಿಳಿಯಲು ನನ್ನಿಂದ ಆಗಲಿಲ್ಲ.

"ಓಡಿದ್ದು ಆಮೇಲೆ" ಎಂದೆ. "ಮೊದಲು ಹತ್ತು ನಿಮಿಷ ಸುಮ್ನೆ ಕೂರಿಸಿದ್ದೆ. ಆ ನಂಬರ್ ಸರಿಯಾಗೇ ಇತ್ತು. ಗೋರಂಟಿ ಅಂತ ಹೇಳಿದ್ದು ನನ್ನ ತಪ್ಪು."

ತಾಯಿ ಕೈ ಬಿಟ್ಟಳು. ಅತ್ತೆಯ ಕಡೆ ನೋಡಿದಳು. ಅಜ್ಜಿ ಮಗುವಿನ ಬಾಯಿ ಒರೆಸಿ, ಇನ್ನೊಂದು ತುತ್ತು ಕಿವುಚುತ್ತಲೇ ಮಾತಾಡಿದರು.

"ನಂಗೊತ್ತು ಕಣವ್ವ. ಮೆಷಿನ್ನು ಎರಡು ಸಲ ಕೂಗ್ತು. ನಾನೂ ಎರಡು ಸಲ ಅಂದೆ. ನೀನು ಯಾರ ಮಾತೂ ಕೇಳ್ನಿಲ್ಲ."

ಅಜ್ಜಿ ತುತ್ತನ್ನು ಮಗುವಿನ ಬಾಯಿಗಿಟ್ಟರು.

"ಬೈಯಾಕಿಲ್ಲ ಬುಡು, ನಮ್ ಮಗು ಉಳ್ಕಂತು. ಇನ್ನೊಬ್ರ ಮಗೀಗೆ ಇಂಗೆ ಮಾಡಬ್ಯಾಡ."

ಬೈದಿದ್ದರೇ ಚೆನ್ನಾಗಿತ್ತು. ಆಯ್ತಮ್ಮ ಎಂದು ಹೇಳಿ ಕೆಳಗಿಳಿದು ಬಂದೆ. ನನ್ನ ಮೇಜಿನ ಮುಂದೆ ಒಂಬತ್ತು ಮಕ್ಕಳಿದ್ದರು, ಅವರಲ್ಲಿ ನಾಲ್ವರು ಅಳುತ್ತಿರಲಿಲ್ಲ.