ವೆಂಕಟರತ್ನಮ್ಮ ಕಳುಹಿಸಿದ ಎಲೆಗಳು

ಟೇಕಲ್ ಬೆಟ್ಟದ ಹಿಂದಿನ ಊರಿನಲ್ಲಿ ರೇಷ್ಮೆ ಹುಳು ಸಾಕುವ ವೆಂಕಟರತ್ನಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಐದನೆಯ ತರಗತಿಯಲ್ಲಿ ಸ್ಲೇಟನ್ನು ಒರೆಸುವುದರಲ್ಲಿಯೇ ಮೈಮರೆತು, ಬರೆಯುವುದನ್ನು ಬಿಟ್ಟುಬಿಡುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ಹಿಪ್ಪುನೇರಳೆ ತೋಟದ ಪಕ್ಕಕ್ಕೆ ಕಲ್ಲು ಪುಡಿ ಮಾಡುವ ಕ್ರಷರ್ ಬಂದಿತು. ಧೂಳು ಕುಳಿತ ಸೊಪ್ಪನ್ನು ತಿಂದ ಹುಳುಗಳು ಗೂಡು ಕಟ್ಟದೆಯೇ ಸತ್ತವು. ಇನ್ನೊಂದು ಬೆಳೆ ಹೀಗೆಯೇ ಹೋದರೆ ತೋಟವನ್ನು ಕಿತ್ತು ಟೊಮೇಟೊ ಹಾಕುವುದಾಗಿ ಗಂಡ ಗಂಗುಲಪ್ಪ ಹೇಳಿಬಿಟ್ಟ. ಹುಳು ಬಿಟ್ಟು ಬೇರೆ ಬದುಕು ಅವಳಿಗೆ ಗೊತ್ತಿರಲಿಲ್ಲ. ಬೆಟ್ಟ ಉಳಿಸಲು ಸುತ್ತಲಿನ ಊರಿನವರು ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿಗೆ ಸೇರಿದಳು.

ಅಲ್ಲಿ ಪಾಠ ಹೇಳುವವರು ಮಾಲೂರಿನ ಜಹಾನಾರಾ. ಮನೆಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದು ಅವರ ಕಸುಬು. ಗೂಡು ಬಾರದಿದ್ದರೆ ಅವರಿಗೂ ಕೆಲಸವಿಲ್ಲ. ದೂರಿಗೆ ಸಾಕ್ಷಿಯಾಗಲು ಜಾಗ, ತಾರೀಖು ತಾವಾಗಿಯೇ ಮೂಡುವಂತೆ ಫೋನಿನಲ್ಲಿ ಚಿತ್ರ ತೆಗೆಯುವುದು ಹೇಗೆಂದು ಮಾತಿನ ಸಂದೇಶಗಳಲ್ಲಿಯೇ ಕಲಿಸಿದರು.

ಮೊದಲ ಚಿತ್ರದ ತುಂಬ ವೆಂಕಟರತ್ನಮ್ಮನ ಹೆಬ್ಬೆರಳು.

"ಅಕ್ಕಾ, ಇದ್ಯಾವ ಬೆಟ್ಟ?"

"ನನ್ನ ಬೆರಳು ಕಣೇ. ಕ್ರಷರ್‌ನೋರು ಇನ್ನೂ ಮುಟ್ಟಿಲ್ಲ."

ಪಾಠ ಸಾಗಿತು. ಎಲೆಗಳ ಚಿತ್ರಗಳು ದೂರಿನೊಡನೆ ಕೋಲಾರದ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಹೋದವು. ಸೊಪ್ಪು ಹಸುರಾಗಿದೆ, ಧೂಳು ಕಾಣುತ್ತಿಲ್ಲ ಎಂದು ಉತ್ತರ ಬಂದಿತು. ಜಹಾನಾರಾ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದರು. ಎಲೆಗಳು ಮಿರಮಿರ ಮಿಂಚುತ್ತಿದ್ದವು. ಕೂಡಲೇ ಫೋನು ಮಾಡಿದರು.

"ಅಕ್ಕಾ, ಧೂಳೆಲ್ಲಿ ಹೋಯ್ತು?"

"ಸೆರಗಲ್ಲಿ ಒರೆಸ್ದೆ."

"ಯಾಕಕ್ಕಾ?"

"ಕೊಳಕು ಸೊಪ್ಪು ತೋರ್ಸಿದ್ರೆ ನೋಡ್ದೋರು ಏನಂತಾರೆ? ಹುಳ ಸಾಕೋ ಮನೆ ಕಣಮ್ಮ. ಕೈಕಾಲು ತೊಳೀದೆ ನಾವು ಒಳಕ್ಕೇ ಹೋಗಲ್ಲ."

"ಹೆಣ್ಣು ತೋರ್ಸೋ ಫೋಟೋ ಅಲ್ಲಕ್ಕಾ ಇದು. ಕೊಳೆ ಹೆಂಗಿದ್ಯೋ ಹಂಗೇ ಬೇಕು."

ಪಕ್ಕದಲ್ಲಿಯೇ ಕುಳಿತಿದ್ದ ಗಂಗುಲಪ್ಪ ಬಿಟ್ಟಾನೆಯೇ? "ಹಂಗೇ ತೋಟಾನೆಲ್ಲ ಒರೆಸ್ಬಿಡು. ಕಚೇರೀನೂ ಬೇಡ, ಫೋನೂ ಬೇಡ."

ಮರುದಿನ ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತೋಟಕ್ಕೆ ಹೋದಳು. ಸುಣ್ಣ ಬಳಿದಂತಿದ್ದ ಎಲೆಗಳನ್ನು ನಾಚಿಕೊಳ್ಳುತ್ತಲೇ ಚಿತ್ರ ತೆಗೆದಳು. ಕಳುಹಿಸುವ ಮುನ್ನ ಒಂದು ಹಟ ಮಾತ್ರ ಹಿಡಿದಳು: "ಈ ಗಲೀಜು ನಮ್ದಲ್ಲ, ಕ್ರಷರ್‌ನೋರ್ದು ಅಂತ ಮೇಲ್ಗಡೆ ಬರಿ." ಜಹಾನಾರಾ ಹಾಗೆಯೇ ಬರೆದರು.

ಅಧಿಕಾರಿಗಳು ಬಂದು ನೋಡಿದರು. ಕ್ರಷರ್ ಸುತ್ತ ತಗಡಿನ ಗೋಡೆ ಎದ್ದಿತು; ಕಲ್ಲಿಗೆ ನೀರು ಚಿಮುಕಿಸತೊಡಗಿದರು. ಅದು ತಪ್ಪಿದ ದಿನ ಕಚೇರಿಗೆ ಚಿತ್ರ ಹೋಗುತ್ತದೆಂಬುದು ಕ್ರಷರ್‌ನವರಿಗೂ ಗೊತ್ತು. ಗುಂಪಿನವರು ವೆಂಕಟರತ್ನಮ್ಮನನ್ನು ಅಡ್ಮಿನ್ ಮಾಡಿದರು.

ಈ ಸಲದ ಹುಳುಗಳು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗಳ ತುಂಬ ಗೂಡು ಕಟ್ಟಿದವು. ಆ ಚಿತ್ರ ಗುಂಪಿಗೆ ಬಂದದ್ದೇ ತಡ, ಜಹಾನಾರಾ ಮಾತನಾಡಿದರು: "ಮಾರ್ಕೆಟ್‌ಗೆ ಯಾವತ್ತು ತರ್ತೀರಕ್ಕಾ? ಒಲೆ ಹಚ್ಚಿ ಕಾಯ್ತಿರ್ತೀನಿ."

"ಹಚ್ಚು, ಹಚ್ಚು. ಹರಾಜಲ್ಲಿ ಕಮ್ಮಿಗೆ ಕೂಗಿದ್ರೆ ಮಾತ್ರ ಗುಂಪಿಂದ ತೆಗೆದ್ಹಾಕ್ತೀನಿ."